ಕಸ್ತೂರಿ ಚಿಗವ್ವನ ಚೀಲದಲ್ಲಿ ನೀಲಿ ಗುಂಡು

ಬೆಲ್ಲದ ಬಾಗೇವಾಡಿಯ ನಮ್ಮ ಚಿಗವ್ವ, ಅಂದರೆ ಚಿಕ್ಕಮ್ಮ, ಕಸ್ತೂರಿ ರುದ್ರಾಕ್ಷಿ ಸರ ಪೋಣಿಸುತ್ತಾಳೆ. ಬೀಜ ಇಂಡೋನೇಶಿಯಾದ ಜಾವಾ ದ್ವೀಪದ್ದು. ಹಡಗಿನಲ್ಲಿ ಮುಂಬೈಗೆ ಬಂದು, ಗೋಕಾಕದ ವ್ಯಾಪಾರಿ ಗಜಾನನ ಅವರ ಅಂಗಡಿಯಿಂದ ಬಸ್ಸಿನಲ್ಲಿ ನಮ್ಮೂರಿಗೆ ಬರುತ್ತದೆ. ಆಕೆ ಪೋಣಿಸಿದ ಸರ ಮತ್ತೆ ಸಮುದ್ರ ದಾಟಿ ಮಲೇಶಿಯಾಕ್ಕೆ ಹೋಗುತ್ತದೆ.

ಹೋದ ವರ್ಷ ಶ್ರಾವಣಕ್ಕೆ ಮುಂಚೆ ಚೀಲ ಬಿಚ್ಚಿ ಮೊರದಲ್ಲಿ ಹಸನು ಮಾಡುವಾಗ, ಕಂದು ಬೀಜಗಳ ನಡುವೆ ನೀಲಿ ಗುಂಡೊಂದು ಉರುಳಿತು. ನವಿಲಿನ ಕುತ್ತಿಗೆಯಂಥ ನೀಲಿ. ಒಂದು ಕಡೆ ತುಸು ಸುಕ್ಕಿತ್ತು, ಅಷ್ಟೆ. ರುದ್ರಾಕ್ಷಿಯ ಗೆರೆ ಒಂದೂ ಇರಲಿಲ್ಲ.

ಅವಳ ಅತ್ತೆ ದುಂಡವ್ವ ನಕ್ಕಳು. "ಯಾವ ಹುಡುಗೂರ ಗೋಲಿನೋ ಬಂದೈತಿ ನೋಡು. ಪೋಣಿಸಿ ಕಳಸು, ಮಲೇಶಿಯಾದಾವ್ರು ಗೋಲಿ ಆಡ್ಕೋತ ಜಪಾ ಮಾಡ್ಲಿ."

ಚಿಗವ್ವ ನಗಲಿಲ್ಲ. "ಯಾರೋ ಬಣ್ಣಾ ಹಚ್ಚಿ ಖೋಟಾ ಮಾಲು ಕೂಡಿಸ್ಯಾರ್ರಿ, ಅತ್ತಿ. ಹಂಗಾದ್ರ ಇಷ್ಟು ವರ್ಷ ಮಂದಿ ಕೊರಳಾಗ ನಾ ಏನ್ ಹಾಕಿದ್ನಿ?"

ಸೂಜಿ ಕೆಳಗಿಟ್ಟು ಗಜಾನನ ಅವರಿಗೆ ಫೋನ್ ಹಚ್ಚಿದಳು. "ಮಾಲು ಖರೇದು ಅಂತ ಗೊತ್ತಾಗೂತನಕಾ ನಾ ಪೋಣಿಸೂದಿಲ್ರಿ."

"ಅಕ್ಕಾರ, ಬಿಸಿನೀರಾಗ ಹಾಕಿ ನೋಡ್ರಿ," ಎಂದರು ಅವರು. "ಬಣ್ಣಾ ಇದ್ರ ಬಿಡತೈತಿ. ನಾನೂ ಬೀಜಾ ಅಷ್ಟ ನೋಡೇನ್ರಿ, ಗಿಡಾ ನೋಡಿಲ್ಲ."

ಗುಂಡು ಮಧ್ಯಾಹ್ನದವರೆಗೆ ನೆನೆಯಿತು. ನೀರಿಗೆ ನೀಲಿ ಇಳಿಯಲಿಲ್ಲ. ಚಿಗವ್ವ ತೆಂಗಿನ ನಾರಿನಿಂದ ತಿಕ್ಕಿದಳು. ತೆಳ್ಳಗಿನ ಸಿಪ್ಪೆ ಸುಲಿಯಿತು. ಒಳಗಿನ ಒಣ ತಿರುಳನ್ನೂ ತಿಕ್ಕಿ ತಿಕ್ಕಿ ತೆಗೆದಾಗ ಉಗುರಿಗೆ ಒಂದು ಗೆರೆ ಸಿಕ್ಕಿತು, ಪಕ್ಕದಲ್ಲಿ ಇನ್ನೊಂದು. ಅಂಗೈ ಮೇಲೆ ಐದು ಮುಖದ ರುದ್ರಾಕ್ಷಿ ಕೂತಿತ್ತು.

ಚಿಗವ್ವ ಅದನ್ನು ಅತ್ತೆಯ ಮುಂದೆ ಹಿಡಿದಳು.

"ಅತ್ತೀ, ಇದು ಹಣ್ಣರಿ! ಗಿಡದಾಗ ಹಿಂಗ ನೀಲಿ ಇರತೈತಿ. ಯಾರೋ ಅಲ್ಲಿ ಕುಂತು ಒಂದೊಂದೂ ಸುಲದು ತಿಕ್ಕಿ ನನಗ ಕಳಸ್ಯಾರ."

ದುಂಡವ್ವ ತನ್ನ ಕೊರಳ ಸರವನ್ನು ಎತ್ತಿ ಹಿಡಿದಳು. ಅದು ಸೊಸೆಯೇ ಪೋಣಿಸಿಕೊಟ್ಟದ್ದು. "ಇವೂ ನೀಲಿ ಇದ್ದುವೇನ?"

"ಎಲ್ಲಾನೂ ಇದ್ದುವ್ರಿ."

ಮುದುಕಿ ಸರವನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ತಮಾಷೆ ಮಾಡಲಿಲ್ಲ.

ಚಿಗವ್ವ ಸೂಜಿ ಹಿಡಿದಳು. ಪ್ರತಿಯೊಂದು ಬೀಜವನ್ನೂ ಬಾಗಿಲ ಬೆಳಕಿಗೆ ಹಿಡಿದು, ನೋಡಿ, ತಡೆದು ಪೋಣಿಸಿದಳು. ಕತ್ತಲಾಗುವ ತನಕ ಕೂತರೂ ಆ ದಿನ ಒಂದು ಸರವೂ ಮುಗಿಯಲಿಲ್ಲ.