ಎಮ್ಮೆಗಾಗಿ ನೆಲ ಚುಚ್ಚಿದ್ದು

ಉತ್ತರ ಧ್ರುವದ ಹತ್ತಿರದ ಜೌಗು ಬಯಲಿನಲ್ಲಿ ಕೆಲವು ಬೇಸಿಗೆ ನಾನು ಮಾಡಿದ ಘನಕಾರ್ಯವೆಂದರೆ ನೆಲ ಚುಚ್ಚುವುದು. ಅಲ್ಲಿ ಬೇಸಿಗೆಗೆ ಮೇಲಿನ ಮಣ್ಣು ಮಾತ್ರ ಕರಗುತ್ತದೆ. ಕೆಳಗಿನದು ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಗುರುತು ಹಾಕಿದ ಸಲಾಕೆಯನ್ನು ಆ ಹೆಪ್ಪಿಗೆ ತಾಗುವ ತನಕ ಒತ್ತಬೇಕು, ಎಷ್ಟು ಆಳ ಕರಗಿದೆಯೆಂದು ನೋಡಬೇಕು, ಮುಂದಿನ ಜಾಗಕ್ಕೆ ನಡೆಯಬೇಕು. ಸಲಾಕೆ ವರ್ಷದಿಂದ ವರ್ಷಕ್ಕೆ ಹೆಚ್ಚು ಇಳಿಯುವುದು ಲೋಕಕ್ಕೆ ಚಿಂತೆಯ ವಿಷಯ, ನಮ್ಮ ಭಾವನಿಗೆ ನಗೆಯ ವಿಷಯ. "ಅಷ್ಟು ದೂರ ಹೋಗಿ ನೆಲ ಚುಚ್ಚಿ ಬಂದೋನು" ಎಂದೇ ಅವರು ನೆಂಟರಿಗೆ ನನ್ನನ್ನು ಪರಿಚಯಿಸುವುದು.

ಈಗ ನಮ್ಮ ಸೀಮೆಯಲ್ಲೇ, ಉಳ್ಳಾರ್ತಿ ಕಾವಲ್‌ನ ಹುಲ್ಲುಬಯಲಿನಲ್ಲಿ, ಮಳೆಯ ತೇವ ಎಷ್ಟು ಆಳಕ್ಕೆ ಇಳಿಯಿತೆಂದು ಚುಚ್ಚಿ ನೋಡುತ್ತೇನೆ. ಅನ್ನ ಕೊಡುವ ನೆಲ ಬದಲಾದರೂ ಸಲಾಕೆ ಬದಲಾಗಲಿಲ್ಲ.

ಮೊನ್ನೆ ಮಾಗಿಯಲ್ಲಿ ಕೆಲಸ ಮುಗಿಸಿ ಸಲಾಕೆ ಸಮೇತ ಬಿ.ಜಿ. ಕೆರೆ ಕಡೆ ಅಕ್ಕನ ಊರಿಗೆ ಹೋಗಿದ್ದೆ. ಹೊತ್ತು ಇಳಿಯುವಾಗ ಭಾವ ಓಡಿ ಬಂದರು. "ಲೇ, ನಿನ್ನ ಸಲಾಕೆ ತಗಂಡು ಬಾ. ಎಮ್ಮೆ ಕೆರೇಲಿ ಹೂತೈತೆ." ಈ ಸಲ ಅವರು ನಗಲಿಲ್ಲ. ಅದು ತುಂಬು ಗಬ್ಬದ ಎಮ್ಮೆ, ಇಂದೋ ನಾಳೆಯೋ ಈಯುವಂಥದ್ದು.

ಕೆರೆ ನೋಡಿದರೆ ಪರಮ ಸಾಧು. ನೀರು ಹಿಂದೆ ಸರಿದು, ಮೇಲೆ ಒಣಗಿ ಬಿರುಕು ಬಿಟ್ಟ ಮಣ್ಣು. ಬೇಸಿಗೆಯಲ್ಲಿ ಊರವರು ಹೊಲಕ್ಕೆಂದು ಹೂಳು ತೋಡಿದ್ದರು. ಮಳೆ ಬಂದು ಆ ಗುಂಡಿಗಳಲ್ಲಿ ಹೊಸ ಕೆಸರು ತುಂಬಿತ್ತು. ಯಾವುದು ಗುಂಡಿ, ಯಾವುದು ನೆಲ ಎಂದು ಹೇಳುವವರಿಲ್ಲ. ಕೆರೆಯ ಒಳಗೆ ಎಮ್ಮೆ ಹೊಟ್ಟೆಮಟ್ಟ ಹೂತು, ಮೂತಿ ಮೇಲೆತ್ತಿ ಬುಸುಗುಡುತ್ತಿತ್ತು. ಒದ್ದಾಡಿದಷ್ಟೂ ಇಳಿಯುತ್ತಿತ್ತು.

"ಇರ್ರಿ ಭಾವ, ಚುಚ್ಚಿ ನೋಡ್ತೀನಿ."

"ನೀನು ಚುಚ್ಚಿ, ಬರ್ದು, ಪುಸ್ತಕ ಮಾಡೋ ಹೊತ್ತಿಗೆ ಅದು ಮುಳುಗಿರ್ತೈತೆ ಕಣಲೇ!"

ಮೊದಲ ಸಲ ಸಲಾಕೆ ಸದ್ದಿಲ್ಲದೆ ನನ್ನೆದೆಯಷ್ಟು ಆಳಕ್ಕೆ ಹೋಯಿತು. ಪಕ್ಕದಲ್ಲಿ ಚುಚ್ಚಿದೆ. ಠಕ್. ಒಂದು ಠಕ್ ನಂಬಬಾರದು; ಬೇರೂ ಠಕ್ಕೆನ್ನುತ್ತದೆ, ಕಲ್ಲೂ ಠಕ್ಕೆನ್ನುತ್ತದೆ. ಸುತ್ತ ಇನ್ನೂ ಚುಚ್ಚಬೇಕು ಎನ್ನುವಷ್ಟರಲ್ಲಿ ಭಾವ ಕಾಲಿಟ್ಟಾಗಿತ್ತು. ಅದು ಜಾಲಿಯ ಬುಡ. ಕಾಲು ಅದರಿಂದ ಜಾರಿ ಅವರು ಸೊಂಟದ ತನಕ ಇಳಿದರು. ಸಲಾಕೆಯ ಒಂದು ತುದಿ ಅವರ ಕೈಗೆ ಕೊಟ್ಟು, ನಾನು ದಡದ ಮೇಲೆ ಬೋರಲು ಬಿದ್ದು ಎಳೆದೆ. ಕೆಸರು ಅವರನ್ನು ಬಿಡಲು ಬಹಳ ಹೊತ್ತು ಯೋಚಿಸಿತು.

ಅಷ್ಟರಲ್ಲಿ ಏರಿಯ ಮೇಲೆ ಅವರ ಚಿಕ್ಕಪ್ಪನ ಮಗ ಬಂದು ನಿಂತ. ಹೂಳಿನ ಪಾಲಿಗೆ ಜಗಳವಾಗಿ ಬೇಸಿಗೆಯಿಂದ ಇಬ್ಬರಿಗೂ ಮಾತಿಲ್ಲ. ಒಬ್ಬರ ಪಾಲಿನ ಮಣ್ಣನ್ನು ಇನ್ನೊಬ್ಬರು ಮುಟ್ಟಿದರೆಂಬ ಅಪವಾದ ಬರಬಾರದೆಂದು, ಎರಡು ಗುಂಡಿಗಳ ನಡುವೆ ಒಂದು ಬದುವನ್ನು ತೋಡದೆ ಘನತೆಯಿಂದ ಬಿಟ್ಟಿದ್ದರು.

"ನನ್ನ ಗುಂಡೀಲಿ ಬಿದ್ದೈತೆ ನಿನ್ನ ಎಮ್ಮೆ!" ಎಂದು ಅವನು ಕೂಗಿದ.

"ನಿನ್ನ ಗುಂಡಿಗೆ ಬೆಂಕಿ ಬೀಳ!"

ನನಗೆ ತಟ್ಟನೆ ಹೊಳೆಯಿತು: ತೋಡದೆ ಬಿಟ್ಟ ನೆಲ ಗಟ್ಟಿಯಾಗಿರಲೇಬೇಕು. "ನಿಮ್ಮಿಬ್ಬರ ನಡುವಿನ ಬದು ಎಲ್ಲೈತೆ?"

ಇಬ್ಬರೂ ಕೈ ತೋರಿಸಿದರು, ಒಂದು ಮಾರು ವ್ಯತ್ಯಾಸದಲ್ಲಿ. ಭಾವ ತೋರಿಸಿದಲ್ಲಿ ಚುಚ್ಚಿದೆ, ಆಳ. ಅವನು ತೋರಿಸಿದಲ್ಲೂ ಆಳ. ನಡುವೆ ಚುಚ್ಚಿದೆ: ಮೊಣಕಾಲಿಗಿಂತ ಕೆಳಗೇ ಠಕ್. ಎಡಕ್ಕೆ ಠಕ್, ಮುಂದಕ್ಕೆ ಠಕ್. ನಾನು ಚುಚ್ಚುತ್ತ ನಡೆದೆ, ಅವರು ನನ್ನ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟರು. ಬದು ಎಮ್ಮೆಯ ಪಕ್ಕದಲ್ಲೇ ಹಾದು ಹೋಗಿತ್ತು.

ಚಿಕ್ಕಪ್ಪನ ಮಗ ಯಾರೂ ಕೇಳದಿದ್ದರೂ ತನ್ನ ಬಣವೆಯಿಂದ ಜೋಳದ ಒಣ ದಂಟಿನ ಸಪ್ಪೆ ಹೊತ್ತು ತಂದು ಬದುವಿನ ಮೇಲೆ ಹಾಸಿದ. ಕೊರಳಿಗೆ ಹಗ್ಗ ಹಾಕಿದರೆ ಉಸಿರು ಕಟ್ಟುತ್ತದೆಂದು ಮುಂಗಾಲಿನ ಹಿಂದೆ ಸುತ್ತಿ ಹಾಕಿದರು. ಎಳೆದರು. ಎಮ್ಮೆ ಇಂಚೂ ಅಲುಗಲಿಲ್ಲ. ಕತ್ತಲು ಕವಿಯುತ್ತಿತ್ತು. ಇನ್ನೊಮ್ಮೆ ಎಳೆದಾಗ ಕೆಸರು ಲೊಚಕ್ಕೆಂದು ಬಾಯಿ ಬಿಟ್ಟಿತು. ಎಮ್ಮೆ ಮೊಣಕಾಲೂರಿ ಸಪ್ಪೆಯ ಮೇಲೆ ಹತ್ತಿತು.

ಏರಿಯ ಮೇಲೆ ಅದು ಕುಸಿದು ಮಲಗಿತು. ಭಾವ ಅದರ ಹೊಟ್ಟೆಯ ಮೇಲೆ ಕೈಯಿಟ್ಟು ಕೂತರು.

"ಏನು?" ಎಂದ ಚಿಕ್ಕಪ್ಪನ ಮಗ.

"ತಡಿ."

ನಾನು ಸಲಾಕೆ ಕೆಳಗಿಟ್ಟು ಹತ್ತಿರ ಬಂದೆ.

"ಒಳಗೆ ಒದೀತು," ಎಂದರು ಭಾವ.

ಅವನು ಅಲ್ಲೇ ಕುಕ್ಕರುಗಾಲಲ್ಲಿ ಕೂತ. ಹಗ್ಗವನ್ನು ಇನ್ನೂ ಬಿಗಿಯಾಗಿ ಹಿಡಿದೇ ಹೇಳಿದ: "ನನ್ನ ಗುಂಡೀಲಿ ಬಿದ್ದಿದ್ದು. ಈದ್ಮೇಲೆ ಗಿಣ್ಣ ಕಳಿಸ್ಬೇಕು."

"ಕಳಿಸ್ತೀನಿ. ಮೊದ್ಲು ಹಗ್ಗ ಬಿಡು ಲೇ, ಅದಕ್ಕೆ ನೋಯ್ತೈತೆ."