ಅಣ್ಣನ ಬಲಗಾಲು

ಆ ಹಾರಾಟದ ಶಾಲೆಯಲ್ಲಿ ಇದ್ದದ್ದು ಒಂದೇ ವಿಮಾನ, ಒಬ್ಬನೇ ಬೋಧಕ. ಆಫೀಸು ನೋಡಿಕೊಳ್ಳುತ್ತಿದ್ದವಳು ಅವನ ತಂಗಿ. ನೋಡಿಕೊಳ್ಳುವುದೆಂದರೆ ಫೋನು ಎತ್ತುವುದು, ಪೆಟ್ರೋಲು ತುಂಬಿಸುವುದು, ವಿಮಾನದ ಮುಂಗಾಜನ್ನು ಗೀರು ಬೀಳದಂತೆ ಮೆತ್ತನೆಯ ಬಟ್ಟೆಯಲ್ಲಿ ಒರೆಸುವುದು. ಹಾರಲು ಬಂದವರನ್ನು ಬಾಗಿಲ ಪಕ್ಕದ ತೂಕದ ಯಂತ್ರದ ಮೇಲೆ ನಿಲ್ಲಿಸುವ ಕೆಲಸವೂ ಅವಳದೇ. ಪುಟ್ಟ ವಿಮಾನ, ಪ್ರತಿ ಕಿಲೋಗೂ ಲೆಕ್ಕ ಬೇಕು. ಹೊಟ್ಟೆ ಒಳಗೆಳೆದುಕೊಂಡು ನಿಲ್ಲುವವರಿಗೆ, "ಉಸಿರು ಬಿಡಿ ಸ್ವಾಮಿ, ಗಾಳಿಗೆ ತೂಕ ಇಲ್ಲ. ಬೆಳಿಗ್ಗೆ ತಿಂದದ್ದಕ್ಕೆ ಇದೆ," ಎನ್ನುತ್ತಿದ್ದಳು.

ಅವಳಿಗೂ ಲೈಸೆನ್ಸ್ ಇತ್ತು. ಕಲಿಸಿದವನು ಅಣ್ಣನೇ. ಭಾನುವಾರ ಬೆಳಿಗ್ಗೆ ಶಾಲೆಗೆ ರಜೆ. ಆಗ ಇಬ್ಬರೂ ಹಾರುತ್ತಿದ್ದರು. ಕಲಿಯುವವರದು ಎಡಗಡೆಯ ಸೀಟು, ಕಲಿಸುವವನದು ಬಲಗಡೆಯದು. ಲೈಸೆನ್ಸ್ ಬಂದು ವರ್ಷಗಳೇ ಕಳೆದರೂ ಅವಳು ಎಡಗಡೆಯೇ, ಅವನು ಬಲಗಡೆಯೇ. ಅವಳು ಇಳಿಸಿದರೆ ಚಕ್ರ ನೆಲ ಮುಟ್ಟಿದ್ದೇ ತಿಳಿಯುತ್ತಿರಲಿಲ್ಲ. "ಬೆಣ್ಣೆಯಿಂದ ಕೂದಲು ತೆಗೆದ ಹಾಗೆ!" ಎಂದು ಅಣ್ಣ ಪ್ರತಿ ಸಲವೂ ಅದೇ ಮಾತು ಹೇಳುತ್ತಿದ್ದ. ಕೊನೆಗೆ ಅವಳ ಹೆಸರೇ ಬೆಣ್ಣೆ ಎಂದಾಯಿತು.

ಒಂದು ಬೆಳಿಗ್ಗೆ ಶೂ ಹಾಕಿಕೊಳ್ಳಲು ಬಗ್ಗಿದ ಅಣ್ಣ ಮೇಲೇಳಲಿಲ್ಲ. ಒಂದು ಶೂ ಕಾಲಲ್ಲಿತ್ತು, ಇನ್ನೊಂದು ಕೈಯಲ್ಲಿ. ಎದೆಬಡಿತ ನಿಂತುಹೋಗಿತ್ತು.

ವಿಮಾನದ ಮೇಲೆ ಹೊದಿಕೆ ಬಿತ್ತು. ಕಲಿಯುತ್ತಿದ್ದವರೆಲ್ಲ ಬೇರೆ ಶಾಲೆ ಹುಡುಕಿಕೊಂಡರು. ಉಳಿದವಳು ಅಣ್ಣನ ಮಗಳು ಗುಬ್ಬಿ ಒಬ್ಬಳೇ. ಕಾಲೇಜು ಮುಗಿಸಿ ಅಪ್ಪನ ಹತ್ತಿರ ಕಲಿಯತೊಡಗಿದ್ದಳು; ಒಬ್ಬಳೇ ಹಾರುವ ಮೊದಲ ದಿನ ಹತ್ತಿರ ಬಂದಿತ್ತು. ಈಗ ಆಫೀಸಿಗೆ ಬಂದು ತೂಕದ ಯಂತ್ರದ ಮೇಲೆ ಕುಕ್ಕರುಗಾಲಲ್ಲಿ ಕೂರುತ್ತಿದ್ದಳು. ಅಮ್ಮ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ.

"ಬೇರೆ ಶಾಲೆಗೆ ಸೇರ್ಕೋ ಕಣೇ," ಎಂದಳು ಬೆಣ್ಣೆ.

"ಅಪ್ಪನ ಸೀಟಲ್ಲಿ ಯಾರೋ ಬಂದು ಕೂತರೆ ನಾನು ಹತ್ತಲ್ಲ. ನೀವು ಕೂತ್ಕೊಳ್ಳಿ ಅತ್ತೆ."

"ಆ ಕಡೆಯಿಂದ ನಾನು ಒಂದು ಸಲಾನೂ ಇಳಿಸಿಲ್ಲ."

"ಅಪ್ಪ ನನ್ನನ್ನ ಮರಿಬೆಣ್ಣೆ ಅಂತಿದ್ರು. ದೊಡ್ಡ ಬೆಣ್ಣೆಗೆ ಬರಲ್ವಾ?"

ಹೀಗೆ ಬೆಣ್ಣೆ ಬೋಧಕಿಯಾಗಲು ಹೊರಟಳು. ಕಲಿಸಲು ಬಂದವರು ಹಿಂದೆ ಅಣ್ಣನಿಗೂ ಕಲಿಸಿದ್ದ ಮೇಷ್ಟ್ರು. ಕೂದಲೆಲ್ಲ ನೆರೆತಿತ್ತು, ನಾಲಿಗೆ ಮಾತ್ರ ಇನ್ನೂ ಹರಿತ. ಅವರು ಶಿಷ್ಯನ ಹಾಗೆ ಎಡಗಡೆ ಕುಳಿತರು.

ಬಲಗಡೆಯ ಸೀಟಿನಲ್ಲಿ ಎಲ್ಲವೂ ತಿರುಗುಮುರುಗು. ಇಷ್ಟು ವರ್ಷ ಎಡಗೈಯಲ್ಲಿ ಚುಕ್ಕಾಣಿ, ಬಲಗೈಯಲ್ಲಿ ಎಂಜಿನ್ನಿನ ವೇಗ ಏರಿಳಿಸುವ ಥ್ರಾಟಲ್ ಇದ್ದವು; ಈಗ ಕೈಗಳು ಕೆಲಸ ಬದಲಾಯಿಸಿಕೊಳ್ಳಬೇಕು. ಬರೆಯಲು ಗೊತ್ತಿದ್ದವಳಿಗೆ ಎಡಗೈಯಲ್ಲಿ ಸಹಿ ಹಾಕೆಂದ ಹಾಗಾಯಿತು. ಮೊದಲ ಸಲ ಇಳಿಸುವಾಗ ಚಕ್ರಗಳು ಕಿರ್ರೆಂದವು, ವಿಮಾನದ ಮೂತಿ ಬಲಕ್ಕೆ ತಿರುಗಿತ್ತು. ಎರಡನೆಯದೂ ಹಾಗೆಯೇ.

"ಇದೇನಮ್ಮ, ಸಂತೆಗೆ ಹೊರಟ ಎಮ್ಮೆ ಹಂಗೆ ಓರೆಯಾಗಿ ಹೋಗ್ತಿದೆ?" ಎಂದರು ಮೇಷ್ಟ್ರು. ವಿಮಾನ ನಿಂತಾಗ ಗಾಜಿನ ಮೇಲೆ, ಸರಿಯಾಗಿ ಅವಳ ಕಣ್ಣೆದುರಿಗೆ, ಬಣ್ಣದ ಸೀಸದಕಡ್ಡಿಯಲ್ಲಿ ಒಂದು ಚುಕ್ಕೆ ಇಟ್ಟರು. "ನೀನು ಮೂತಿಯ ನಡುಮಧ್ಯ ನೋಡ್ತಿದ್ದೀಯ. ನೀನು ಕೂತಿರೋದು ಮಧ್ಯದಲ್ಲಲ್ಲ. ಬಲಗಡೆ ಕೂತು ಮಧ್ಯ ನೋಡಿದ್ರೆ ವಿಮಾನ ಬಲಕ್ಕೆ ತಿರುಗುತ್ತೆ, ಎಡಗಡೆ ಕೂತು ನೋಡಿದ್ರೆ ಎಡಕ್ಕೆ. ನಿನ್ನ ನೇರಕ್ಕೆ ಏನಿದೆಯೋ ಅದನ್ನ ನೋಡು."

"ಎಡಗಡೆಯಿಂದ ನಾನು ಯಾವತ್ತೂ ಸೊಟ್ಟ ಇಳಿಸಿಲ್ಲ ಮೇಷ್ಟ್ರೇ."

"ಯಾವತ್ತೂ?"

"ಅಣ್ಣನ್ನ ಬೇಕಾದ್ರೆ..."

ಮೇಷ್ಟ್ರು ಎಂಜಿನ್ನು ಆರಿಸಿದರು. "ಒಬ್ಬಳೇ ಹಾರಿದ್ಯಲ್ಲ, ಲೈಸೆನ್ಸಿಗೆ ಮುಂಚೆ? ಆಗ?"

ಆಗ ಚಕ್ರಗಳು ಕಿರ್ರೆಂದಿದ್ದವು. ಪಕ್ಕದಲ್ಲಿ ಅಣ್ಣನಿಲ್ಲದ ಹೆದರಿಕೆಗೆ ಹಾಗಾಯಿತು ಎಂದುಕೊಂಡಿದ್ದಳು. ಲೈಸೆನ್ಸ್ ಬಂದ ಮೇಲೆ ಒಬ್ಬಳೇ ಹಾರಲೇ ಇಲ್ಲ.

"ಕಾಲ ಹತ್ತಿರ ನೋಡಮ್ಮ," ಎಂದರು ಮೇಷ್ಟ್ರು.

ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಪೆಡಲುಗಳು ಎರಡೂ ಸೀಟಿಗೆ ಒಂದೊಂದು ಜೊತೆ ಇವೆ. ಒಳಗಿನಿಂದ ಒಂದಕ್ಕೊಂದು ಜೋಡಿಸಿರುವುದರಿಂದ ಈ ಕಡೆ ಒತ್ತಿದರೆ ಆ ಕಡೆಯದೂ ಸರಿಯುತ್ತದೆ. ಬೋಧಕನ ಎಡ ಪೆಡಲಿನ ರಬ್ಬರಿನಲ್ಲಿ ಗೆರೆಗಳೆಲ್ಲ ಹಾಗೇ ಇದ್ದವು. ಬಲ ಪೆಡಲಿನಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ. ಹೆಬ್ಬೆರಳ ಬುಡ ಕೂರುವಲ್ಲಿ ರಬ್ಬರು ಸವೆದು ತಗ್ಗಾಗಿ, ತಗಡು ಹೊಳೆಯುತ್ತಿತ್ತು. ಅವಳು ಬಗ್ಗಿ ಎಡ ಸೀಟಿನ ಬಲ ಪೆಡಲನ್ನೂ ನೋಡಿದಳು. ಅದು ಹೊಸದರ ಹಾಗಿತ್ತು.

ಮೂತಿ ಎಡಕ್ಕೆ ತಿರುಗಿದಾಗ ನೆಟ್ಟಗೆ ಮಾಡಲು ಒತ್ತಬೇಕಾದದ್ದು ಬಲ ಪೆಡಲನ್ನು. ಪ್ರತಿ ಭಾನುವಾರ, ನೆಲ ಮುಟ್ಟುವ ಮುಂಚಿನ ಗಳಿಗೆಯಲ್ಲಿ, ತನ್ನ ಕಾಲಡಿಯ ಪೆಡಲು ಮುಂದೆ ಸರಿದದ್ದು ಅವಳಿಗೆ ನೆನಪಿತ್ತು. ತಾನೇ ಒತ್ತಿದೆ ಎಂದುಕೊಂಡಿದ್ದಳು. ಅವಳ ಕಾಲು ಅಣ್ಣನ ಕಾಲಿನ ಹಿಂದೆ ಹೋಗಿತ್ತು, ಅಷ್ಟೆ.

"ಬೋಧಕನಾಗೋಕೆ ಕಲಿಯೋ ದಿನಗಳಲ್ಲೇ ಬೈದಿದ್ದೆ ಅವನಿಗೆ," ಎಂದರು ಮೇಷ್ಟ್ರು. "ಕಾಲು ತೆಗಿಯೋ, ಶಿಷ್ಯರಿಗೆ ಒಂದು ಪೆಟ್ಟು ಬೀಳ್ಲಿ, ಕಲೀತಾರೆ ಅಂತ. ಆಗಲಿ ಸಾರ್ ಅಂದ. ಒತ್ತಿದ."

ಆ ಸಂಜೆ ಬೆಣ್ಣೆ ಹೊದಿಕೆ ಹಾಕಲು ಹೋದವಳು ಬಲಗಡೆಯ ಸೀಟಿನಲ್ಲೇ ಕುಳಿತುಬಿಟ್ಟಳು. ಚಪ್ಪಲಿ ಬಿಟ್ಟು ಬರಿಗಾಲನ್ನು ಆ ತಗ್ಗಿನಲ್ಲಿಟ್ಟಳು. ಅವಳ ಪಾದಕ್ಕೆ ಅದು ದೊಡ್ಡದು. "ನಂಗೆ ಒಂದು ಸಲ ಹೇಳಬಾರದಿತ್ತೇನೋ ಅಣ್ಣ?" ಎಂದು ಖಾಲಿ ವಿಮಾನದಲ್ಲಿ ಗಟ್ಟಿಯಾಗಿಯೇ ಕೇಳಿದಳು. ಬೈದು ಜಗಳವಾಡಬೇಕು ಎನಿಸಿತು. ಜಗಳಕ್ಕೂ ಅವನಿರಲಿಲ್ಲ. ತನ್ನದೆಂದು ಅವಳಿಗಿದ್ದದ್ದು ಆ ಒಂದು ವಿದ್ಯೆ. ಅದೂ ಅಣ್ಣನ ಜೊತೆ ಹೋಗಿತ್ತು.

ಚುಕ್ಕೆ ನೋಡಿ ನೋಡಿ ನೆಟ್ಟಗೆ ಇಳಿಸುವುದನ್ನು ಕಲಿತಳು. ಈ ಸಲ ನಿಜವಾಗಿ ಕಲಿತಳು. ಕಷ್ಟವಾದದ್ದು ಆಮೇಲಿನದು. ಮೇಷ್ಟ್ರು ಬೇಕೆಂದೇ ಸೊಟ್ಟ ಇಳಿಸುವರು. ಅಪಾಯವಿಲ್ಲದಷ್ಟು ತಪ್ಪಿಗೆ ಅವಳು ಸುಮ್ಮನಿರಬೇಕು. ಅವಳ ಬಲಗಾಲು ತಾನಾಗಿಯೇ ಮುಂದೆ ಹೋಗುತ್ತಿತ್ತು. "ಕಾಲು ತೆಗಿ!" ಎಂದು ಮೇಷ್ಟ್ರು ಗದರುವರು. "ಅಣ್ಣನಿಗೆ ತಕ್ಕ ತಂಗಿ!"

ಪರೀಕ್ಷೆ ಪಾಸಾಯಿತು. ಮೆಕ್ಯಾನಿಕ್ ಸವೆದ ರಬ್ಬರು ಜಾರುತ್ತದೆ, ಬದಲಾಯಿಸಿಬಿಡ್ತೀನಿ ಅಕ್ಕಾ ಎಂದ. ನಾಳೆ ಸಂಜೆ ಎಂದಳು ಬೆಣ್ಣೆ.

ಹೊರಡುವ ಮುಂಚೆ ಮೇಷ್ಟ್ರು ಕೇಳಿದರು: "ಗುಬ್ಬಿಗೆ ಹೇಳ್ತೀಯಾ?"

"ಹೇಗೆ ಹೇಳ್ಲಿ? ಮರಿಬೆಣ್ಣೆ ಅನ್ನೋ ಒಂದು ಮಾತು ಹಿಡ್ಕೊಂಡು ಇಷ್ಟು ತಿಂಗಳು ಕೂತಿದ್ದಾಳೆ."

"ಹೇಳದೆ ಒಬ್ಬಳನ್ನೇ ಕಳಿಸ್ತೀಯಾ?"

ಬೆಣ್ಣೆ ವಿಮಾನದ ಮೇಲೆ ಹೊದಿಕೆ ಎಳೆದಳು.

ಮರುದಿನ ಗುಬ್ಬಿ ನಗುನಗುತ್ತಾ ಎಡಗಡೆ ಹತ್ತಿದಳು. ಬಲಗಡೆ ಅತ್ತೆಯನ್ನು ಕಂಡು ಒಂದು ಕ್ಷಣ ಮುಖ ತಿರುಗಿಸಿ, ಮತ್ತೆ ನಕ್ಕಳು. ಚೆನ್ನಾಗಿಯೇ ಹಾರಿಸಿದಳು. ಇಳಿಯುವಾಗ ಮೂತಿ ಮೆಲ್ಲಗೆ ಎಡಕ್ಕೆ ತಿರುಗತೊಡಗಿತು. ಬೆಣ್ಣೆಯ ಕಾಲು ಅಣ್ಣನ ತಗ್ಗಿನಲ್ಲಿತ್ತು. ಇಷ್ಟೇ ಇಷ್ಟು ಒತ್ತಿದರೆ ಸಾಕಿತ್ತು. ಹುಡುಗಿ ನಗುತ್ತಲೇ ಇಳಿಯುತ್ತಿದ್ದಳು. ಬೆಣ್ಣೆ ಕಾಲನ್ನು ಹಿಂದಕ್ಕೆಳೆದುಕೊಂಡಳು.

ಚಕ್ರಗಳು ಕಿರ್ರೆಂದವು. ವಿಮಾನ ಓಲಾಡಿ, ತಡವಾಗಿ ನೆಟ್ಟಗಾಗಿ, ನಿಂತಿತು.

"ಇದು ನಂದಲ್ಲ ಅತ್ತೆ," ಎಂದಳು ಗುಬ್ಬಿ. "ನನಗೆ ಇಳಿಸೋಕೆ ಬರುತ್ತೆ. ಅಪ್ಪನ ಜೊತೆ ಒಂದು ಸಲಾನೂ ಹೀಗಾಗಿಲ್ಲ."

"ನನಗೂ ಆಗಿರ್ಲಿಲ್ಲ ಪುಟ್ಟಿ. ಇಲ್ಲಿ ನೋಡು."

ಗುಬ್ಬಿ ಬಗ್ಗಿದಳು. ನಾಲ್ಕು ಪೆಡಲುಗಳನ್ನೂ ನೋಡಿದಳು. ಹೊಳೆಯುವ ತಗಡನ್ನು ಬೆರಳಿನಿಂದ ಮುಟ್ಟಿದಳು.

"ಪ್ರತಿ ಸಲಾನೂ?"

"ಪ್ರತಿ ಸಲಾನೂ."

"ಹಾಗಾದ್ರೆ ನಾನು..." ಗುಬ್ಬಿಯ ಬೆನ್ನು ಅಲುಗುತ್ತಿತ್ತು. ಬೆಣ್ಣೆ ಅದರ ಮೇಲೆ ಕೈಯಿಟ್ಟು ಕುಳಿತಳು.

"ಒಂದೇ ಒಂದು ಸಲ ಅತ್ತೆ," ಎಂದಳು ಗುಬ್ಬಿ ಕೊನೆಗೆ, ಮೂಗು ಒರೆಸಿಕೊಳ್ಳುತ್ತಾ. "ಅಪ್ಪನ ಹಾಗೆ ಒತ್ತಿ. ನೋಡ್ಬೇಕು."

ಮತ್ತೆ ಏರಿದರು, ಸುತ್ತು ಹಾಕಿ ಇಳಿದರು. ಮೂತಿ ಎಡಕ್ಕೆ ತಿರುಗತೊಡಗಿದಾಗ ಬೆಣ್ಣೆ ತಗ್ಗಿನಲ್ಲಿ ಕಾಲಿಟ್ಟು ಒತ್ತಿದಳು. ಎಡಗಡೆಯ ಪೆಡಲು ಗುಬ್ಬಿಯ ಪಾದದಡಿ ಮೆತ್ತಗೆ ಸರಿಯಿತು. ಚಕ್ರ ನೆಲ ಮುಟ್ಟಿದ್ದು ಯಾರಿಗೂ ಕೇಳಿಸಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎನ್ನಲು ಮಾತ್ರ ಅಲ್ಲಿ ಯಾರೂ ಇರಲಿಲ್ಲ.

ರನ್‌ವೇಯ ಕೊನೆಯವರೆಗೂ ಗುಬ್ಬಿ ವಿಮಾನವನ್ನು ನೆಟ್ಟಗೆ ಓಡಿಸಿದಳು. ಕಣ್ಣೀರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಚುಕ್ಕಾಣಿಯ ಮೇಲಿನ ಕೈಯನ್ನು ಒರೆಸಲು ತೆಗೆಯಲಿಲ್ಲ. ವಿಮಾನವನ್ನು ತಿರುಗಿಸಿ ನಿಲ್ಲಿಸಿದಳು.

"ಸಾಕು ಅತ್ತೆ," ಎಂದಳು. "ಈಗ ಕಾಲು ತೆಗೀರಿ."