ಕೊನೆಯ ಕುರ್ಚಿಯ ಮುಖ

ಆ ಬೆಳಿಗ್ಗೆ ಜಿಟಿಜಿಟಿ ಮಳೆ. ನಾಟಕಶಾಲೆಯ ಬಣ್ಣದ ಕೋಣೆಯ ಸೂರು ಸರಿಯಾಗಿ ನನ್ನ ಕುರ್ಚಿಯ ಮೇಲೆಯೇ ಸೋರುತ್ತಿತ್ತು. ಮೂವತ್ತೆಂಟು ವರ್ಷ ಪ್ರಸಾಧನ ಕಲೆಯನ್ನು ವ್ರತದಂತೆ ನಡೆಸಿ, ಈ ಸೀಮೆಯ ರಂಗಭೂಮಿಗೆ ಮುಖಗಳನ್ನೇ ಕೊಟ್ಟ ನಮ್ಮ ಬಣ್ಣದ ಮೇಷ್ಟರ ಅಭಿನಂದನ ಸಂಪುಟಕ್ಕೆ ಬರೆಯಲು ಕುಳಿತರೆ, ಅವರ ನೂರು ಸನ್ಮಾನಗಳನ್ನು ದಾಟಿ ಮನಸ್ಸು ಆ ಬೆಳಿಗ್ಗೆಗೇ ಹೋಗಿ ನಿಲ್ಲುತ್ತದೆ.

ಚಳಿಗಾಲದಲ್ಲಿ ಬಣ್ಣವನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡೇ ನಮ್ಮ ಕೆನ್ನೆ ಮುಟ್ಟುತ್ತಿದ್ದವರು ಅವರು. ನನ್ನ ಚರ್ಮ ಗುಳ್ಳೆಯೆದ್ದಾಗ ತಿಂಗಳುಗಟ್ಟಲೆ ಮನೆಯಿಂದ ಎಣ್ಣೆ ಕಾಯಿಸಿ ತಂದವರೂ ಅವರೇ. ಆದರೆ ಅವರದೊಂದು ಕ್ರಮವಿತ್ತು. ಮೊದಲ ಕುರ್ಚಿ ದೊಡ್ಡಮನೆಯವರ ಪಾತ್ರಕ್ಕೆ, ಕೊನೆಯದು ಕಳ್ಳರ, ಪರದೇಶಿಗಳ ಪಾತ್ರಕ್ಕೆ; ಕುರ್ಚಿಗೆ ತಕ್ಕ ಬಣ್ಣ. ಕಪ್ಪು ಮೈ, ಗುಂಗುರು ಕೂದಲಿನ ನಾನು ಸೇರಿದ ದಿನದಿಂದ ಕೊನೆಯವಳು.

ಅಂದು ಮಕ್ಕಳಿಗಾಗಿ ಪ್ರದರ್ಶನ. ಸಾಹುಕಾರರ ಹೆಂಡತಿ ಬರಿಯ ಮುಖ ನೋಡಿ ಪರದೇಶಿ ಹೆಂಗಸಿನ ಮೇಲೆ ಸರದ ಕಳವು ಹೊರಿಸುವ ನಾಟಕ. ಆ ಪರದೇಶಿ ನಾನು. ಸೋರಿಕೆಗೆ ಹೆದರಿ ಮೊದಲ ಕುರ್ಚಿಯಲ್ಲಿ ಕುಳಿತೆ. ಕನ್ನಡಿಯಲ್ಲಿ ನನ್ನ ಮುಖ ಬೆಳ್ಳಗಾಗುತ್ತಿದ್ದುದನ್ನು ಕಂಡೂ ಬಾಯಿ ಬಿಡಲಿಲ್ಲ. ತಡವಾಗಿ ಬಂದ ನಾಯಕಿ, ಸಾಹುಕಾರರ ಹೆಂಡತಿಯ ಪಾತ್ರದವಳು, ಖಾಲಿ ಉಳಿದಿದ್ದ ಕೊನೆಯ ಕುರ್ಚಿಯನ್ನು ಒರೆಸಿಕೊಂಡು ಕಣ್ಣು ಮುಚ್ಚಿದಳು. ತೆರೆದಾಗ ನಾಟಕ ಶುರುವಾಗುವ ಎರಡನೆಯ ಗಂಟೆ ಬಾರಿಸಿತ್ತು.

“ಏನ್ ಮೇಷ್ಟ್ರೇ, ನನ್ನ ಮೂತಿಗೆ ಮಸಿ ಬಳಿದುಬಿಟ್ರಲ್ಲ.”

“ಬಣ್ಣ ಕೊಟ್ಟೋನು ಭಗವಂತ, ಬಳಿಯೋನು ನಾನು. ತೊಳೆಯೋಕೆ ಹೊತ್ತಿಲ್ಲ. ಮಾತು ನಿಂದೇ ಇದೆಯಲ್ಲಮ್ಮ, ನಡಿ.”

ಪಾತ್ರ ಬದಲಾಗಲಿಲ್ಲ, ಮಾತು ಬದಲಾಗಲಿಲ್ಲ. ಆಕೆ ರಂಗಕ್ಕೆ ಕಾಲಿಟ್ಟೊಡನೆ ಮಕ್ಕಳು “ಇವಳೇ ಕಳ್ಳಿ” ಎಂದು ಕೈತೋರಿದರು. ನಲವತ್ತು ಪ್ರದರ್ಶನಗಳಲ್ಲಿ ನಗು ತಂದಿದ್ದ ನನ್ನ “ನಾನು ತಗೊಂಡಿಲ್ಲಮ್ಮ” ಎಂಬ ಮಾತಿಗೆ ಅಂದು ಸಭೆ ಉಸಿರು ಹಿಡಿಯಿತು. ನಂಬಿದರು. ಆದರೆ ಯಾರನ್ನು? ಹಿಗ್ಗಬೇಕೋ ಅಳಬೇಕೋ ತಿಳಿಯದೆ ನಿಂತೆ.

ತೆರೆ ಬಿದ್ದ ಮೇಲೆ ಕೇಳಿದೆ, “ಬೇಕಂತಲೇ ಮಾಡಿದ್ರಾ, ಮೇಷ್ಟ್ರೇ?”

“ನಾನು ಕುರ್ಚಿ ನೋಡ್ದೆ, ತಾಯಿ. ಅದರಲ್ಲಿ ಯಾರು ಕೂತಿದಾರೆ ಅಂತ ಯಾವತ್ತು ನೋಡಿದೀನಿ?”

ಅದು ತಪ್ಪೊಪ್ಪಿಗೆಯೋ ಸಮಜಾಯಿಷಿಯೋ, ಇಂದಿಗೂ ನನಗೆ ಬಗೆಹರಿದಿಲ್ಲ. ಎಣ್ಣೆ ಕಾಯಿಸಿದ ಕೈಯೂ ಅದೇ, ನನ್ನನ್ನು ಕೊನೆಗೆ ಕೂರಿಸಿದ ಕೈಯೂ ಅದೇ. ಬಾವಿಯ ನೀರು ಸಿಹಿಯೆಂದು ತಳ ಕಂಡವರುಂಟೇ ಎಂದು ಅಜ್ಜಿ ಹೇಳುತ್ತಿದ್ದಳು. ಆ ಕೈಗಳಿಗೆ ದೇವರು ನೂರು ವರ್ಷದ ಕಸುವು ಕೊಡಲಿ, ಕಲಿಯ ಬಂದವರಿಗೆ ಅವು ಇನ್ನೂ ಬಣ್ಣ ಕಲಸಿಕೊಡಲಿ.

ತಮ್ಮ ಬೀಳ್ಕೊಡುಗೆಯ ದಿನ ಸಾಮಾನು ಕಟ್ಟುತ್ತಿದ್ದ ಮೇಷ್ಟರು ಕೊನೆಯ ಕುರ್ಚಿಯ ಬಣ್ಣದ ಪೆಟ್ಟಿಗೆಯ ಮುಚ್ಚಳದ ಒಳಬದಿಯಿಂದ ಒಂದು ಫೋಟೊ ಬಿಡಿಸಿದರು. ನಾನು ಸೇರಿದ ವಾರ “ನಾಳೆ ಕೊಡ್ತೀನಿ” ಎಂದು ಅವರು ಕೇಳಿ ಪಡೆದ ನನ್ನದೇ ಫೋಟೊ. ಹನ್ನೊಂದು ವರ್ಷ ಯಾರೇ ಕಳ್ಳರ ವೇಷಕ್ಕೆ ಕುಳಿತರೂ ಅದನ್ನೇ ನೋಡಿ ಬಣ್ಣ ಹಚ್ಚಿದ್ದರಂತೆ, ಅವರೇ ಅಂದರು. ಹಿಂಬದಿಯ ಅಂಟನ್ನು ಉಗುರಿನಿಂದ ಕೆರೆದು, ಅಂಗಿಯ ತುದಿಯಲ್ಲಿ ಒರೆಸಿ ನನ್ನ ಕೈಗಿಟ್ಟರು.